ಬಿಚ್ಚಿದ ಎಂಜಿನ್ ಮುಂದೆ ಗಿರಾಕಿಯನ್ನು ನಿಲ್ಲಿಸಬೇಕು

ಹಳೇ ಅಂಬಾಸಿಡರ್, ಫಿಯಟ್ ಇಟ್ಟುಕೊಂಡವರ ಮುಂದೆ ಎಂಜಿನ್ ಕೆಲಸದ ಮಾತು ತೆಗೆದರೆ ಸಾಕು, ಮುಖ ಸಣ್ಣಗಾಗುತ್ತದೆ. ಗಾಡಿ ಕೊಟ್ಟು ವರ್ಷ ಕಳೆಯಿತು, ಇನ್ನೂ ಶೆಡ್ಡಿನ ಮೂಲೆಯಲ್ಲೇ ನಿಂತಿದೆ ಅನ್ನುವವರಿದ್ದಾರೆ. ಹೇಳಿದ್ದು ಒಂದು ರೇಟು, ಕೊನೆಗೆ ಕೈಗಿಟ್ಟ ಬಿಲ್ಲು ಇನ್ನೊಂದು ಅನ್ನುವವರಿದ್ದಾರೆ. ಇವೆಲ್ಲಕ್ಕಿಂತ ನನಗೆ ಚುಚ್ಚುವ ಮಾತು ಬೇರೆ: "ಒಳಗೆ ಏನು ಹಾಕಿದರೋ ದೇವರಿಗೇ ಗೊತ್ತು." ನಾನು ಬೆಂಗಳೂರಿನಲ್ಲಿ ಹಳೇ ಕಾರುಗಳ ಎಂಜಿನ್ ಕೆಲಸವನ್ನೇ ನಂಬಿಕೊಂಡು ಬದುಕುವವನು. ಆ ಮಾತಿಗೆ ನನ್ನ ಹತ್ತಿರ ಎದುರು ಮಾತಿಲ್ಲ, ಯಾಕಂದರೆ ಅದು ನಿಜ. ಪೇಂಟ್ ಕೆಟ್ಟರೆ ಕಣ್ಣಿಗೆ ಬೀಳುತ್ತೆ. ಸೀಟಿನ ಹೊಲಿಗೆ ಬಿಟ್ಟರೆ ಕೈಗೆ ಸಿಗುತ್ತೆ. ಬೇರಿಂಗ್ ಗ್ಯಾಪ್ ಸರಿಯಿಲ್ಲ ಅನ್ನುವುದು ಗೊತ್ತಾಗುವುದು ಗಾಡಿ ಮನೆಗೆ ಹೋಗಿ, ಸಾವಿರಾರು ಕಿಲೋಮೀಟರ್ ಓಡಿ, ಯಾವುದೋ ಹೈವೇಯಲ್ಲಿ ಆಯಿಲ್ ಲೈಟ್ ಹೊತ್ತಿಕೊಂಡು, ಕೆಳಗಿನಿಂದ ಟಕ ಟಕ ಸದ್ದು ಶುರುವಾದ ಮೇಲೆ.

ಅದಕ್ಕೇ ನಾನು ಗಾಡಿ ಬಂದ ದಿನ ಪೂರ್ತಿ ಕೆಲಸದ ರೇಟು ಹೇಳುವುದಿಲ್ಲ. ಹೊರಗಿನಿಂದ ಸದ್ದು ಕೇಳಿ, ಹೊಗೆ ನೋಡಿ ಇಷ್ಟೇ ಆಗುತ್ತೆ ಅಂತ ಯಾರಾದರೂ ಖಚಿತವಾಗಿ ಹೇಳಿದರೆ ಅದು ಅಂದಾಜು ಅಷ್ಟೇ. ಇಳಿಸುವುದಕ್ಕೆ, ಬಿಚ್ಚುವುದಕ್ಕೆ, ತೊಳೆದು ಅಳೆಯುವುದಕ್ಕೆ ಒಂದು ರೇಟು ಹೇಳುತ್ತೇನೆ. ಬಿಚ್ಚುವ ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏರುವ ಪ್ರೆಷರ್ ನೋಡುತ್ತೇನೆ, ಒಣಗಿದ್ದಾಗ ಒಂದು ಸಲ, ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು ಇನ್ನೊಂದು ಸಲ. ಆಯಿಲ್ ಬಿಟ್ಟ ಮೇಲೆ ಪ್ರೆಷರ್ ಏರಿದರೆ ತೊಂದರೆ ಪಿಸ್ಟನ್ ಸುತ್ತಲಿನ ರಿಂಗು, ಇಲ್ಲವೇ ಬೋರಿನಲ್ಲಿದೆ (ಬೋರ್ ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗಡೆ). ಏರದಿದ್ದರೆ ವಾಲ್ವ್ ಕಡೆ ನೋಡಬೇಕು. ಕೆಲವು ಸಲ ಹೆಡ್, ಅಂದರೆ ವಾಲ್ವ್ ಇರುವ ಮೇಲಿನ ಮುಚ್ಚಳದ ಕೆಲಸ ಮಾತ್ರ ಸಾಕಾಗಿ, ಗಿರಾಕಿಯ ಅರ್ಧಕ್ಕಿಂತ ಜಾಸ್ತಿ ದುಡ್ಡು ಇಲ್ಲೇ ಉಳಿಯುತ್ತದೆ. ಅಳತೆ ಎಲ್ಲ ಆದ ಮೇಲೆ ಗಿರಾಕಿಯನ್ನು ಕರೆಸಿ, ಬೆಂಚಿನ ಮುಂದೆ ನಿಲ್ಲಿಸಿ ತೋರಿಸಿ, ಆಮೇಲೆ ಕಾಗದದ ಮೇಲೆ ರೇಟು. ಬೇಡ ಅಂದರೆ ಬಿಚ್ಚಿದ ಕೂಲಿ ಕೊಟ್ಟು, ಸಾಮಾನು ಎಲ್ಲ ಲೆಕ್ಕ ಹಾಕಿಕೊಂಡು ತೆಗೆದುಕೊಂಡು ಹೋಗಬಹುದು.

ಒಂದು ಉದಾಹರಣೆ ಹೇಳುತ್ತೇನೆ. ತುಮಕೂರಿನ ರಿಟೈರ್ಡ್ ಮೇಷ್ಟ್ರೊಬ್ಬರ ಮಾರ್ಕ್ 2 ಅಂಬಾಸಿಡರ್, ಅವರ ತಂದೆಯ ಕಾಲದ್ದು. 1489 ಸಿಸಿ ಪೆಟ್ರೋಲ್ ಎಂಜಿನ್, ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್, ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ದಶಕಗಳ ಕಾಲ ಮಾಡಿದ್ದು. ನೀಲಿ ಹೊಗೆ, ಆಯಿಲ್ ಕುಡಿಯುತ್ತಿತ್ತು. ಬೇರೆ ಒಂದು ಕಡೆ ಬೋರಿಂಗ್ ಮಾಡಿ, ಅಂದರೆ ಸಿಲಿಂಡರ್ ಕೊರೆದು ಅಗಲ ಮಾಡಿ, 40 ಸೈಜ್ ಪಿಸ್ಟನ್ (ಮೂಲ ಅಳತೆಗಿಂತ 40 ಥೌ, ಅಂದರೆ ಇಂಚಿನ ಸಾವಿರದಲ್ಲಿ 40 ಭಾಗ ದಪ್ಪ) ಹಾಕಬೇಕು ಅಂದಿದ್ದರಂತೆ. ಹೆಡ್ ತೆಗೆದು ಮೇಷ್ಟ್ರನ್ನು ಕರೆದೆ. "ಸಾರ್, ಇಲ್ಲಿ ಉಗುರು ಆಡಿಸಿ ನೋಡಿ" ಅಂದೆ. ಸಿಲಿಂಡರಿನ ಬಾಯಿಯ ಹತ್ತಿರ, ಮೇಲಿನ ರಿಂಗು ಬಂದು ನಿಲ್ಲುವ ಜಾಗದ ಮೇಲೆ, ಒಂದು ಸಣ್ಣ ಅಂಚು ಇರುತ್ತದೆ. ರಿಂಗು ಮುಟ್ಟದ ಜಾಗ ಸವೆಯುವುದಿಲ್ಲ, ಅದರ ಕೆಳಗೆ ಸವೆಯುತ್ತದೆ, ಅದಕ್ಕೆ ಅಂಚು. ಅವರ ಉಗುರು ಅಲ್ಲಿ ಸಿಕ್ಕಿಕೊಂಡಿತು. "ಓಹೋ, ಇದಾ?" ಅಂದರು.

ಆಮೇಲೆ ಡಯಲ್ ಗೇಜ್ ಬಿಟ್ಟು ಅಳೆದು ತೋರಿಸಿದೆ. ಈ ಎಂಜಿನ್ನಿಗೆ ಕಂಪನಿ ಕೊಟ್ಟ ಬೋರ್ 73.025 ಮಿಮೀ. ಮೇಲ್ಗಡೆ ಅಡ್ಡಕ್ಕೆ 73.20 ಬಂತು, ಉದ್ದಕ್ಕೆ 73.12. ಕೆಳಗೆ ಹೋದರೆ 73.05. ಅಂದರೆ ಸಿಲಿಂಡರ್ ಮೇಲೆ ಅಗಲವಾಗಿದೆ, ಜೊತೆಗೆ ಮೊಟ್ಟೆಯಾಕಾರಕ್ಕೆ ತಿರುಗಿದೆ. ಪಿಸ್ಟನ್ ಯಾವಾಗಲೂ ಅಡ್ಡ ದಿಕ್ಕಿಗೆ ಒತ್ತುವುದರಿಂದ ಅಲ್ಲೇ ಜಾಸ್ತಿ ಸವೆಯುತ್ತೆ. ನಾಲ್ಕೂ ಸಿಲಿಂಡರಿನ ಅಳತೆಯನ್ನು ಮೇಷ್ಟ್ರು ತಮ್ಮ ಕೈಯಲ್ಲೇ ಬರೆದುಕೊಂಡರು. ಬರೆದುಕೊಂಡು ಕೂಡಿ ಕಳೆದು ಅವರೇ ಕೇಳಿದರು, "ಸವೆದಿರೋದು 0.175 ಮಿಮೀ. 40 ಥೌ ಅಂದ್ರೆ ಒಂದು ಮಿಲಿಮೀಟರ್ ಆಯ್ತಲ್ಲಪ್ಪಾ, ಅಷ್ಟು ಯಾಕೆ ಕೊರೀಬೇಕು?"

ಸರಿಯಾದ ಪ್ರಶ್ನೆ. ಕೊರೆಯಬೇಕಾಗಿಲ್ಲ. ಅಲ್ಲಿ 10 ಥೌ ಪಿಸ್ಟನ್ ಸಿಕ್ಕಿದ್ದರೆ ಅದೇ ಸಾಕಿತ್ತು. ಸಿಗಲಿಲ್ಲ, 20 ಸಿಕ್ಕಿತು, 20ಕ್ಕೆ ಮಾಡಿದೆವು. ಒಂದು ಬ್ಲಾಕನ್ನು ಎಷ್ಟು ಸಲ ಬೇಕಾದರೂ ಕೊರೆಯಲು ಆಗುವುದಿಲ್ಲ. ಕೊರೆದಷ್ಟೂ ಗೋಡೆ ತೆಳುವಾಗುತ್ತಾ ಹೋಗುತ್ತದೆ, ಕೊನೆಯ ಸೈಜ್ ಮುಗಿದ ಮೇಲೆ ಒಳಗೆ ಸ್ಲೀವ್, ಅಂದರೆ ಹೊಸ ಕೊಳವೆ ಹಾಕುವುದೊಂದೇ ದಾರಿ. ಹೊಸ ಬ್ಲಾಕ್ ಅಂಗಡಿಯಲ್ಲಿ ಸಿಗುವ ಕಾಲ ಮುಗಿದಿದೆ. ಅಂಬಾಸಿಡರ್ ತಯಾರಿಕೆ ನಿಂತಿದ್ದೇ 2014ರಲ್ಲಿ, ಫಿಯಟ್ ಪದ್ಮಿನಿ ಅದಕ್ಕೂ ಎಷ್ಟೋ ವರ್ಷ ಮೊದಲು. ಅಂಗಡಿಯಲ್ಲಿ 40ರ ಸೆಟ್ ಬಿದ್ದಿದೆ ಅಂತ ಗಿರಾಕಿಯ ಬ್ಲಾಕಿನಿಂದ ಎರಡು ಸೈಜ್ ತಿಂದುಹಾಕುವುದು ನನ್ನ ದೃಷ್ಟಿಯಲ್ಲಿ ಕಳ್ಳತನವೇ. ಬಿಲ್ಲಿನಲ್ಲಿ ಕಾಣುವುದಿಲ್ಲ ಅಷ್ಟೇ. ಆ ಕಾರು ಮುಂದೆ ಮಗನ ಕೈಗೋ ಮೊಮ್ಮಗಳ ಕೈಗೋ ಹೋದಾಗ ಅವರಿಗೆ ಉಳಿಯಬೇಕಾಗಿದ್ದ ಕಬ್ಬಿಣ ಅದು.

ಇನ್ನೊಂದು ವಿಷಯ. ಪಿಸ್ಟನ್ ಕೈಗೆ ಬರುವ ತನಕ ಬ್ಲಾಕ್ ಬೋರಿಂಗಿಗೆ ಹೋಗಬಾರದು. ಡಬ್ಬದ ಮೇಲೆ 20 ಅಂತ ಇದ್ದ ಮಾತ್ರಕ್ಕೆ ಒಳಗಿನದು ಅಷ್ಟೇ ಇರುತ್ತೆ ಅಂತಿಲ್ಲ, ನಾಲ್ಕು ಪಿಸ್ಟನ್ನೂ ಒಂದೇ ಅಳತೆ ಇರುತ್ತೆ ಅಂತಲೂ ಇಲ್ಲ. ಒಂದೊಂದನ್ನೂ ಮೈಕ್ರೋಮೀಟರಿನಲ್ಲಿ ಅಳೆದು, ಮೇಲೆ ನಂಬರ್ ಬರೆದು, ಯಾವ ಪಿಸ್ಟನ್ ಯಾವ ಸಿಲಿಂಡರಿಗೆ ಅಂತ ಗುರುತು ಮಾಡಿ, ಆ ಪಿಸ್ಟನ್ನಿಗೆ ತಕ್ಕ ಹಾಗೆ ಆ ಸಿಲಿಂಡರ್ ಕೊರೆಸಬೇಕು. ಇದಕ್ಕೆ ಕಾಯಬೇಕಾಗುತ್ತದೆ. ಕಾಯಬೇಕು ಅಂತ ಗಿರಾಕಿಗೆ ಫೋನ್ ಮಾಡಿ ಹೇಳಲೂ ಬೇಕು. "ಮುಂದಿನ ವಾರ ಬನ್ನಿ" ಅಂತ ಪ್ರತಿ ವಾರ ಹೇಳುವುದಕ್ಕಿಂತ "ಪಿಸ್ಟನ್ ಬಂದಿಲ್ಲ, ಬಂದ ದಿನ ನಾನೇ ಫೋನ್ ಮಾಡುತ್ತೇನೆ" ಅನ್ನುವುದು ಎಷ್ಟೋ ಮೇಲು. ಜನ ತಡವನ್ನು ಸಹಿಸಿಕೊಳ್ಳುತ್ತಾರೆ, ಸುಳ್ಳನ್ನು ಸಹಿಸಿಕೊಳ್ಳುವುದಿಲ್ಲ.

ಕೆಲವರು ಬಂದು "ಬೋರಿಂಗ್ ಎಲ್ಲ ಬೇಡ, ಸುಮ್ನೆ ರಿಂಗ್ ಬದಲಾಯಿಸಿ ಕೊಡಿ" ಅನ್ನುತ್ತಾರೆ. ಮೊಟ್ಟೆಯಾಕಾರವಾದ ಬೋರಿಗೆ ದುಂಡನೆ ಹೊಸ ರಿಂಗು ಹಾಕಿದರೆ ಅದು ಗೋಡೆಗೆ ಕೂರುವುದಾದರೂ ಹೇಗೆ? ಸ್ವಲ್ಪ ದಿನ ಹೊಗೆ ಕಮ್ಮಿಯಾದ ಹಾಗೆ ಅನಿಸಿ ಮತ್ತೆ ಶುರು. ಸವೆತ ಕಮ್ಮಿ ಇದ್ದು, ಹೋನಿಂಗ್ ಮಾಡಿ (ಬೋರನ್ನು ಕಲ್ಲಿನಿಂದ ಸಣ್ಣಗೆ ಉಜ್ಜಿ) ರಿಂಗ್ ಹಾಕಿದರೆ ಸಾಕು ಅನ್ನುವಂಥ ಎಂಜಿನ್ನುಗಳೂ ಇವೆ, ಅಂಥದ್ದಾದರೆ ಖುಷಿಯಿಂದ ಮಾಡಿಕೊಡುತ್ತೇನೆ. ಆಗದ್ದನ್ನು ಆಗಲ್ಲ ಅನ್ನುತ್ತೇನೆ. ಕೆಲವರು ಬೇಜಾರು ಮಾಡಿಕೊಂಡು ಹೋಗುತ್ತಾರೆ. ಹೋಗಲಿ.

ಲೇತ್ ಅಂಗಡಿಗೆ ಕಳಿಸಿದ ಸಾಮಾನು ವಾಪಸ್ ಬಂದಾಗ ಮತ್ತೆ ಅಳೆಯಬೇಕು. ಮಾಡಿದವರು ಎಷ್ಟೇ ಒಳ್ಳೆಯ ಕೆಲಸಗಾರರಾಗಿರಲಿ, ಗಿರಾಕಿಗೆ ಜವಾಬು ಕೊಡಬೇಕಾದವನು ನಾನು ಅಲ್ವಾ? ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡದ ಗ್ರೈಂಡಿಂಗ್‌ನಲ್ಲಿ ನಾನು ಮೊದಲು ನೋಡುವುದು ಅಳತೆಗಿಂತ ಮೂಲೆಯನ್ನು. ಜರ್ನಲ್ (ಬೇರಿಂಗ್ ಕೂರುವ ದುಂಡನೆಯ ಭಾಗ) ಮತ್ತು ಅದರ ಪಕ್ಕದ ಗೋಡೆ ಸೇರುವ ಜಾಗ ದುಂಡಗೆ ಇಳಿದಿರಬೇಕು. ಅಲ್ಲಿ ಚೂಪಾಗಿ ಕತ್ತರಿಸಿಬಿಟ್ಟರೆ ಬಿರುಕು ಹುಟ್ಟುವುದು ಅಲ್ಲಿಂದಲೇ, ಒಂದು ದಿನ ಕ್ರ್ಯಾಂಕ್ ಮುರಿಯುವುದೂ ಅಲ್ಲೇ.

ಇನ್ನು ಜೋಡಿಸುವ ಮುಂಚೆ ಮತ್ತೆ ತೊಳೆಯುವುದು. ಈ ಕೆಲಸಕ್ಕೆ ಯಾರೂ ದುಡ್ಡು ಕೊಡುವುದಿಲ್ಲ, ಯಾರೂ ನೋಡುವುದಿಲ್ಲ, ಬಿಲ್ಲಿನಲ್ಲಿ ಒಂದು ಸಾಲೂ ಇರುವುದಿಲ್ಲ. ನನ್ನ ಕೇಳಿದರೆ ಒಳ್ಳೆಯ ಗ್ಯಾರೇಜ್ ಯಾವುದು ಅಂತ ಗೊತ್ತಾಗುವುದು ಇಲ್ಲೇ. ಹೋನಿಂಗ್ ಆದ ಬೋರಿನ ಗೆರೆಗಳಲ್ಲಿ ಕಲ್ಲಿನ ಪುಡಿ, ಕಬ್ಬಿಣದ ಪುಡಿ ಕೂತಿರುತ್ತದೆ. ಪೆಟ್ರೋಲ್, ಡೀಸೆಲ್‌ನಲ್ಲಿ ಒರೆಸಿದರೆ ಮೇಲಿನ ಎಣ್ಣೆ ಹೋಗುತ್ತೆ, ಪುಡಿ ಅಲ್ಲೇ ಇರುತ್ತೆ. ಬಿಸಿನೀರು, ಸೋಪು, ಬ್ರಷ್ ಹಾಕಿ ಉಜ್ಜಿ ತೊಳೆಯಬೇಕು. ತಕ್ಷಣ ಒಣಗಿಸಿ ಆಯಿಲ್ ಸವರಬೇಕು, ಇಲ್ಲದಿದ್ದರೆ ನೋಡ ನೋಡುತ್ತಲೇ ತುಕ್ಕು ಹಿಡಿಯುತ್ತದೆ. ಆಮೇಲೆ ಬಿಳೀ ಬಟ್ಟೆಗೆ ಆಯಿಲ್ ಹಚ್ಚಿ ಬೋರಿನೊಳಗೆ ತಿರುಗಿಸಿ ತೆಗೆದರೆ ಬಟ್ಟೆ ಬೂದಿಬಣ್ಣಕ್ಕೆ ಬರುತ್ತದೆ. ಮತ್ತೆ ತೊಳೆ. ಮತ್ತೆ ಬಟ್ಟೆ. ಬಟ್ಟೆ ಬಿಳಿಯಾಗಿಯೇ ಹೊರಗೆ ಬರುವ ತನಕ ಪಿಸ್ಟನ್ ಒಳಗೆ ಹೋಗಬಾರದು. ಬ್ಲಾಕಿನ ಆಯಿಲ್ ದಾರಿಗಳ ಪ್ಲಗ್ ಬಿಚ್ಚಿ, ಉದ್ದನೆಯ ಬ್ರಷ್ ತೂರಿಸಿ ತೆಗೆಯಬೇಕು, ಕ್ರ್ಯಾಂಕಿನ ತೂತುಗಳನ್ನೂ ಕೂಡ. ಅಲ್ಲಿ ಉಳಿದ ಒಂದು ಚಿಟಿಕೆ ಕಬ್ಬಿಣದ ಪುಡಿ ಹೊಸ ಬೇರಿಂಗನ್ನು ಮೊದಲ ನಿಮಿಷದಲ್ಲೇ ಗೀರಿಹಾಕುತ್ತದೆ. ನಮ್ಮ ಹುಡುಗರಿಗೆ ಸ್ಪ್ಯಾನರ್ ಹಿಡಿಯುವುದಕ್ಕಿಂತ ಮೊದಲು ನಾನು ಕಲಿಸುವುದು ಇದನ್ನೇ.

ಬೇರಿಂಗ್ ಕ್ಯಾಪ್ ಬಿಗಿ ಮಾಡುವ ಹೊತ್ತಿಗೆ, ರಿಂಗ್ ಗ್ಯಾಪ್ ನೋಡುವ ಹೊತ್ತಿಗೆ ಗಿರಾಕಿ ಇದ್ದರೆ ಒಳ್ಳೆಯದು. ರಿಂಗನ್ನು ಬೋರಿನೊಳಗೆ ಇಟ್ಟು, ಪಿಸ್ಟನ್ ತಲೆಯಿಂದ ನೇರಕ್ಕೆ ತಳ್ಳಿ, ರಿಂಗಿನ ಎರಡು ತುದಿಗಳ ಸಂದಿಗೆ ಫೀಲರ್ ಗೇಜ್ ಹಾಕಿ ನೋಡುವುದು. ಬರಲು ಆಗದವರಿಗೆ ಗೇಜ್ ಜೊತೆಗಿನ ಫೋಟೋ ವಾಟ್ಸಾಪ್‌ನಲ್ಲಿ ಹೋಗುತ್ತದೆ. ಅಮೆರಿಕದಲ್ಲಿ ಕೂತು ಊರಲ್ಲಿರುವ ಅಪ್ಪನ ಫಿಯಟ್ ರೆಡಿ ಮಾಡಿಸುವವರಿದ್ದಾರೆ, ಅವರಿಗೆ ಆ ಫೋಟೋಗಳೇ ಕಣ್ಣು. ಹಳೇ ಪಿಸ್ಟನ್, ರಿಂಗು, ಬೇರಿಂಗ್, ವಾಲ್ವ್ ಎಲ್ಲ ರಟ್ಟಿನ ಡಬ್ಬದಲ್ಲಿ ಕಟ್ಟಿ ಕೊಡುತ್ತೇನೆ, ಹೊಸದರ ಖಾಲಿ ಡಬ್ಬ ಮತ್ತು ಬಿಲ್ ಸಮೇತ. ಗುಜರಿಗೆ ಹಾಕುತ್ತಾರೋ, ಶೋಕೇಸಿನಲ್ಲಿ ಇಡುತ್ತಾರೋ ಅವರಿಷ್ಟ. ಅವರ ಸಾಮಾನು ಅವರದ್ದು.

ಎಂಜಿನ್ ನಂಬರ್ ವಿಷಯವನ್ನು ಇಲ್ಲಿ ಬಿಡುವ ಹಾಗಿಲ್ಲ. ಹಿಂದೆ ಟ್ಯಾಕ್ಸಿಗಳ ಕಾಲದಲ್ಲಿ ಕೆಟ್ಟ ಎಂಜಿನ್ ಕೊಟ್ಟು ರೆಡಿ ಎಂಜಿನ್ ಹಾಕಿಸಿಕೊಂಡು ಹೋಗುವುದು ಮಾಮೂಲಾಗಿತ್ತು. ಗಾಡಿ ನಿಂತರೆ ಆ ದಿನದ ಸಂಪಾದನೆ ನಿಲ್ಲುತ್ತಿತ್ತು, ಅವರಿಗೆ ಅದು ಸರಿಯೇ. ಈಗ ಕಾಲ ಬೇರೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗದೆ ಮೂಲ ರೂಪದಲ್ಲಿರಬೇಕು, ಆಗ 'ವಿಎ' ಅಕ್ಷರ ಇರುವ ನಂಬರ್ ಪ್ಲೇಟ್ ಸಿಗುತ್ತದೆ. ಹೀಗಿರುವಾಗ ಆರ್‌ಸಿಯಲ್ಲಿರುವ ನಂಬರಿನ ಬ್ಲಾಕ್ ಅಂದರೆ ಆ ಗಾಡಿಯ ಗುರುತೇ ಸರಿ. ಅದಕ್ಕೇ ಎಂಜಿನ್ ಇಳಿಸುವ ಮುಂಚೆ ಗಿರಾಕಿಯ ಎದುರೇ ನಂಬರ್ ಫೋಟೋ ತೆಗೆದು, ಜಾಬ್ ಕಾರ್ಡಿನಲ್ಲಿ ಬರೆದು ಇಬ್ಬರೂ ಸಹಿ ಹಾಕುತ್ತೇವೆ. ನಂಬರ್ ಇರುವ ಜಾಗಕ್ಕೆ ಗ್ರೈಂಡರ್, ಸ್ಯಾಂಡ್ ಬ್ಲಾಸ್ಟಿಂಗ್ ತಾಗದ ಹಾಗೆ ಲೇತಿನವರಿಗೂ ಬರೆದು ಕಳಿಸುತ್ತೇನೆ.

ಪೆಟ್ರೋಲ್ ಬಗ್ಗೆ ಗಿರಾಕಿಗಳು ತುಂಬಾ ಕೇಳುತ್ತಾರೆ. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸ ಹಾಕಿದ ಪೆಟ್ರೋಲ್ ಇಲ್ಲ. ಅಂಬಾಸಿಡರ್ ಹೆಡ್ ಬೀಡು ಕಬ್ಬಿಣದ್ದು, ವಾಲ್ವ್ ಸೀಟನ್ನು ಅದರಲ್ಲೇ ಕೊರೆದಿರುತ್ತಾರೆ. ಸೀಸದ ಕಾಪು ಇಲ್ಲದೆ ಎಕ್ಸಾಸ್ಟ್ ವಾಲ್ವ್ ನಿಧಾನಕ್ಕೆ ಸೀಟಿನೊಳಗೆ ಇಳಿಯುತ್ತದೆ, ವಾಲ್ವ್ ಪೂರ್ತಿ ಮುಚ್ಚಲಿ ಅಂತ ಬಿಡುವ ಟ್ಯಾಪೆಟ್ ಗ್ಯಾಪ್ ಇಲ್ಲದಂತಾಗುತ್ತದೆ, ಕೊನೆಗೆ ವಾಲ್ವ್ ಸುಡುತ್ತದೆ. ಗಟ್ಟಿ ಸೀಟ್ ಹಾಕಿಸಬಹುದು. ಆದರೆ ಭಾನುವಾರ ನಂದಿಬೆಟ್ಟಕ್ಕೆ ಹೋಗಿಬರುವ ಗಾಡಿಗೆ, ಸೀಟ್ ಚೆನ್ನಾಗಿದ್ದರೆ, ಅದು ಈಗಲೇ ಬೇಕು ಅಂತ ಹೆದರಿಸುವುದು ಸರಿಯಲ್ಲ. ಟ್ಯಾಪೆಟ್ ನೋಡಿಕೊಳ್ಳುತ್ತಿರಿ, ಗ್ಯಾಪ್ ಪದೇ ಪದೇ ಕಮ್ಮಿಯಾದರೆ ಮಾಡೋಣ ಅಂತ ಹೇಳಿದರೆ ಆಯಿತು. ಎಥನಾಲ್ ಮಾತ್ರ ಬೇರೆ ಕಥೆ. 2023ರ ಫೆಬ್ರವರಿಯಲ್ಲಿ ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್ ಶುರುವಾಗಿದ್ದು ನಮ್ಮ ಬೆಂಗಳೂರಿನಲ್ಲೇ. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಇದಕ್ಕೆ ತಡೆಯುವುದಿಲ್ಲ, ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ಎಳೆದುಕೊಂಡು ತುಕ್ಕು ತರುತ್ತದೆ. ಇಲ್ಲಿ ನಾನು ಚೌಕಾಸಿಗೆ ಒಪ್ಪುವುದಿಲ್ಲ, ಪೈಪ್ ಬದಲಾಯಿಸಲೇಬೇಕು. ಲೀಕ್ ಆದರೆ ಬೆಂಕಿ.

ಗ್ಯಾರಂಟಿ ಕೊಡುತ್ತೀರಾ ಅಂತ ಎಲ್ಲರೂ ಕೇಳುತ್ತಾರೆ. ಕೊಡುತ್ತೇನೆ, ಆದರೆ ಯಾವುದಕ್ಕೆ ಅಂತ ಮೊದಲೇ ಬರೆದು. ನಾನು ಕೂರಿಸಿದ ಬೇರಿಂಗು, ನಾನು ಕೊರೆಸಿದ ಬೋರು, ನಾನು ಮುಚ್ಚಿದ ಹೆಡ್ ಗ್ಯಾಸ್ಕೆಟ್ ನನ್ನ ಜವಾಬ್ದಾರಿ. ಒಳಗೆ ಕಸ ಕಟ್ಟಿಕೊಂಡ ಹಳೇ ರೇಡಿಯೇಟರ್ ಹಾಗೇ ಇರಲಿ ಅಂದರೆ ಗ್ಯಾರಂಟಿ ಇಲ್ಲ, ಯಾಕಂದರೆ ಹೊಸ ಎಂಜಿನ್ ಬಿಗಿಯಾಗಿರುತ್ತೆ, ಬಿಸಿ ಜಾಸ್ತಿ, ಆ ರೇಡಿಯೇಟರ್ ಎಂಜಿನ್ನನ್ನು ಸೀಜ್ (ಜಾಮ್) ಮಾಡಿಸಿಬಿಡುತ್ತದೆ. ಡೆಲಿವರಿ ದಿನ ಆಯಿಲ್ ಪ್ರೆಷರ್ ಗೇಜ್ ಹಾಕಿ, ತಣ್ಣಗಿದ್ದಾಗ ಎಷ್ಟು, ಬಿಸಿಯಾದ ಮೇಲೆ ಎಷ್ಟು ಅಂತ ತೋರಿಸಿ ಅದನ್ನೂ ಬರೆದುಕೊಡುತ್ತೇನೆ. ಮೊದಲ 500 ಕಿಲೋಮೀಟರ್ ಎಳೆಯಬೇಡಿ, ಒಂದೇ ಸ್ಪೀಡಿನಲ್ಲಿ ಹೋಗಬೇಡಿ, ಲೋಡ್ ಹಾಕಬೇಡಿ. ಅದಾದ ಮೇಲೆ ಗಾಡಿ ತನ್ನಿ. ಆಯಿಲ್ ಬದಲಾಯಿಸಿ, ಹೆಡ್ ಬೋಲ್ಟ್ ಟಾರ್ಕ್ ನೋಡಿ, ಟ್ಯಾಪೆಟ್ ಇಟ್ಟು ಕೊಡುವುದು ಮೊದಲು ಹೇಳಿದ ರೇಟಿನಲ್ಲೇ ಸೇರಿದೆ, ಅದಕ್ಕೆ ಬೇರೆ ಬಿಲ್ ಇಲ್ಲ.