ಬರ ತಾಳುವ ಪೊದೆಗಳು ಜೇಡಿಮಣ್ಣಿನಲ್ಲಿ ಸಾಯುವುದು ಮಳೆಗಾಲದಲ್ಲಿ

ತಂಗಡಿ, ಬಂದರಿಕೆ, ಲಕ್ಕಿಯಂಥ ಬಿಸಿಲಿಗೆ ಜಗ್ಗದ ಪೊದೆಗಳು ಜಿಗುಟು ಜೇಡಿಮಣ್ಣಿನಲ್ಲಿ ಒಣಗಿದರೆ, ಹೆಚ್ಚಿನ ಸಲ ಕಾರಣ ನೀರಿನ ಕೊರತೆಯಲ್ಲ. ಮಣ್ಣಿನ ಸಂದುಗಳಲ್ಲೆಲ್ಲ ನೀರು ನಿಂತು ಬೇರಿಗೆ ಉಸಿರು ಕಟ್ಟುತ್ತದೆ, ಕೊಳೆರೋಗ ನುಗ್ಗುವುದು ಆಗಲೇ.

ಸಸಿ ತರುವ ಮೊದಲು 30 ಸೆಂ.ಮೀ. ಆಳದ ಗುಣಿ ತೋಡಿ ನೀರು ತುಂಬಿಸಿ. ಇಂಗಿದ ಮೇಲೆ ಮತ್ತೆ ತುಂಬಿಸಿ, ಗಂಟೆಗೆ ಎಷ್ಟು ಇಳಿಯಿತೆಂದು ಅಳೆಯಿರಿ. 2.5 ಸೆಂ.ಮೀ. ಇಳಿದರೆ ನೆಲದಲ್ಲೇ ನೆಡಬಹುದು. 1 ಸೆಂ.ಮೀ. ಕೂಡ ಇಳಿಯದಿದ್ದರೆ ದಿಬ್ಬವೇ ಗತಿ: 25–30 ಸೆಂ.ಮೀ. ಎತ್ತರ, 1 ಮೀಟರಿಗೆ ಕಡಿಮೆಯಿಲ್ಲದ ಅಗಲ. ಅದೇ ಜಾಗದ ಮೇಲ್ಮಣ್ಣು ನಾಲ್ಕು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು ಸಾಕು.

ಮರಳು ಬೆರೆಸಿ ಎನ್ನುವವರು ಬಹಳ. ಅರ್ಧಕ್ಕಿಂತ ಹೆಚ್ಚು ಮರಳು ಸುರಿಯದೆ ಜೇಡಿಯ ಗುಣ ಬದಲಾಗದು. ನಾಲ್ಕು ಬುಟ್ಟಿ ಹಾಕಿದರೆ ಒಣಗಿದಾಗ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ, ಅಷ್ಟೇ. ಗುಣಿಗೆ ಮಾತ್ರ ಸಡಿಲ ಗೊಬ್ಬರಮಣ್ಣು ತುಂಬುವುದು ಇನ್ನೂ ಕೆಟ್ಟದ್ದು. ಸುತ್ತಲಿನ ನೀರೆಲ್ಲ ಅಲ್ಲಿಗೇ ಬಸಿದು ನಿಲ್ಲುತ್ತದೆ, ಬೇರು ಹೊರಗಿನ ಗಟ್ಟಿಮಣ್ಣಿಗೆ ಹೋಗದೆ ಒಳಗೇ ಸುತ್ತುತ್ತದೆ. ತೆಗೆದ ಮಣ್ಣನ್ನೇ ಪುಡಿಮಾಡಿ ಮರಳಿ ತುಂಬಿ.

ಮಣ್ಣು ಹಸಿಯಿದ್ದಾಗ ಗುದ್ದಲಿ ಮುಟ್ಟಬೇಡಿ. ಉಂಡೆ ಕಟ್ಟಿ ಒತ್ತಿದರೆ ಉದುರಬೇಕು, ಅಂಟಿದರೆ ಕಾಯಿರಿ. ಹಸಿಯಲ್ಲಿ ಅಗೆದ ಗುಣಿಯ ಗೋಡೆ ನುಣುಪಾಗಿ ಮೆತ್ತಿಕೊಂಡು ಬೇರನ್ನು ತಡೆಯುತ್ತದೆ. ಹಾಗಾಗಿದ್ದರೆ ಹಾರೆಯಿಂದ ಕೆರೆದು ಒರಟು ಮಾಡಿ. ಗುಣಿ ಸಸಿಯ ಬೇರು ಹಿಡಿದ ಮಣ್ಣುಂಡೆಗಿಂತ ತುಸು ಕಡಿಮೆ ಆಳ, ಅದರ ಮೂರರಷ್ಟು ಅಗಲವಿರಲಿ. ನೆಟ್ಟ ಮೇಲೆ ಬೇರು–ಕಾಂಡ ಕೂಡುವ ಜಾಗ ಸುತ್ತಲಿನ ಮಣ್ಣಿಗಿಂತ 3–5 ಸೆಂ.ಮೀ. ಮೇಲಿರಬೇಕು, ಮಣ್ಣು ಮುಂದೆ ಕುಸಿಯುತ್ತದೆ.

ಒಣಎಲೆಯ ಹೊದಿಕೆ 5–8 ಸೆಂ.ಮೀ. ದಪ್ಪ, ಕಾಂಡದಿಂದ ಒಂದು ಗೇಣು ದೂರ. ಇದನ್ನು ಬಿಟ್ಟರೆ ಬೇಸಿಗೆಯಲ್ಲಿ ಜೇಡಿ ಬಿರಿದು ಎಳೆಬೇರು ಹರಿಯುತ್ತದೆ.

ಮೊದಲ ವರ್ಷ ಮಳೆಯಿಲ್ಲದಾಗ ಗಿಡಕ್ಕೆ 10 ಲೀಟರಿನಂತೆ ನಿಧಾನವಾಗಿ ಹನಿಸಿ, ಒಂದು ಬೆರಳುದ್ದ ಕೆಳಗಿನ ಮಣ್ಣು ಒಣಗುವವರೆಗೆ ಮತ್ತೆ ಹಾಕಬೇಡಿ. ದಿನಾ ಒಂದು ತಂಬಿಗೆ ಸುರಿದರೆ ಬೇರು ಮೇಲೇ ಉಳಿಯುತ್ತದೆ. ಎಲೆ ಬಾಡಿದ್ದರೂ ಮಣ್ಣು ಒದ್ದೆಯಿದ್ದರೆ ಅದು ಬೇರು ಕೊಳೆತ ಗುರುತು. ಆಗ ನೀರು ಹಾಕಿದಿರೋ ಗಿಡ ಹೋದಂತೆಯೇ. ಪಾತಿ ಒಡೆದು, ಪಕ್ಕದಲ್ಲಿ ಕಾಲುವೆ ತೆಗೆದು ನೀರು ಬಸಿಯಲು ಬಿಡಿ.

ತೋಟದ ತಗ್ಗು ಮೂಲೆಗೆ ತಂಗಡಿ ಬೇಡ. ಹಳ್ಳದ ದಂಡೆಯಲ್ಲೂ ಬೆಳೆಯುವ ಲಕ್ಕಿಯನ್ನು ಅಲ್ಲಿಗೆ ಹಾಕಿ.