ರೇಷ್ಮೆ ಹುಳದ ಸ್ಟ್ಯಾಂಡು ಪುಸ್ತಕದ ಶೆಲ್ಫ್ ಆದ ಕೆಲಸ

ನಮ್ಮ ಮನೆತನದ ನೆನಪು ಬರೋ ಹಾಗೆ ಫರ್ನಿಚರ್ ಮಾಡ್ಕೊಡಿ ಅಂತ ಬರೋರು ಈಗ ಜಾಸ್ತಿ ಆಗಿದಾರೆ. ಬಂದವರು ಮೊದಲು ಮೊಬೈಲ್ ತೆಗೆದು ಫೋಟೋ ತೋರಿಸ್ತಾರೆ, ಕಂಬದಲ್ಲಿ ಗಿಳಿ, ಸೋಫಾ ಬೆನ್ನಿಗೆ ಆನೆ, ತಮಿಳುನಾಡಿನ ಕಾರೈಕುಡಿ ಕಡೆಯ ಚೆಟ್ಟಿನಾಡ್ ಬಾಗಿಲು. ಅವು ಚೆನ್ನಾಗಿರ್ತವೆ, ಇಲ್ಲ ಅನ್ನಲ್ಲ, ಆದ್ರೆ ಶಿಡ್ಲಘಟ್ಟ ಕಡೆ ಮೂರು ತಲೆಮಾರು ರೇಷ್ಮೆ ಹುಳ ಮೇಯಿಸಿದ ಮನೆಗೂ ಕಾರೈಕುಡಿ ಬಾಗಿಲಿಗೂ ಏನು ಸಂಬಂಧ ಹೇಳಿ. ಚಿಕ್ಕಬಳ್ಳಾಪುರದಲ್ಲಿ ಈ ಕೆಲಸ ಮಾಡ್ತಾ ಮಾಡ್ತಾ ನಾನು ಕಲ್ತಿದ್ದು ಏನಂದ್ರೆ, ಡ್ರಾಯಿಂಗ್ ಹಾಕೋಕೆ ಮುಂಚೆ ಆ ಮನೆಯಲ್ಲಿ ದಿನಾ ಏನು ಕೆಲಸ ನಡೀತಿತ್ತು, ಯಾವ ಸಾಮಾನು ಯಾರ ಕೈಯಲ್ಲಿ ಸವೆದಿದೆ ಅಂತ ಕೇಳ್ಬೇಕು, ಅದೂ ಆ ಸಾಮಾನು ಬಳಸಿದವರನ್ನೇ ಕೇಳ್ಬೇಕು. ಆರ್ಡರ್ ಕೊಡೋಕೆ ಬರೋ ಮಗನಿಗೆ ಎಷ್ಟೋ ಸಲ ಅದು ಗೊತ್ತೇ ಇರಲ್ಲ.

ಒಂದು ಕೆಲಸ ಹೇಳ್ತೀನಿ. ಅಣ್ಣ ತಮ್ಮ ಇಬ್ಬರೂ ಬೇರೆ ಬೇರೆ ಮನೆ ಕಟ್ಟಿಸ್ತಾ ಇದ್ರು, ಊರಿನ ಹಳೇ ಮನೆ ಕೆಡವೋದು ಅಂತ ಆಗಿತ್ತು. ತೊಲೆ, ಬಾಗ್ಲವಾಡ ಎಲ್ಲ ನೋಡಿ ಡೈನಿಂಗ್ ಟೇಬಲ್ ಮಾತಾಡ್ತಾ ಇದ್ವಿ, ಅಷ್ಟರಲ್ಲಿ ಅವರ ತಾಯಿ ಮನೆ ಹಿಂದೆ ರೇಷ್ಮೆ ಹುಳ ಸಾಕ್ತಿದ್ದ ಹುಳದ ಮನೆಗೆ ಕರ್ಕೊಂಡು ಹೋದ್ರು. ಮೂಲೆಯಲ್ಲಿ ಹುಳ ಮೇಯಿಸೋ ತಟ್ಟೆ ಜೋಡಿಸೋ ಮರದ ಸ್ಟ್ಯಾಂಡು ಒಂದು ಇತ್ತು, ಬೇವಿನ ಮರದ್ದು, ಧೂಳು ಹಿಡಿದು ಕಪ್ಪಾಗಿತ್ತು. ಮಕ್ಕಳಿಬ್ಬರೂ ಅದನ್ನ ಸೌದೆ ಲೆಕ್ಕಕ್ಕೆ ಬಿಟ್ಟಿದ್ರು.

"ನೋಡಮ್ಮಾ, ಇದರ ಕಾಲು ನೋಡು" ಅಂದ್ರು ಆ ಅಜ್ಜಿ. ನಾಲ್ಕೂ ಕಾಲಿನ ಬುಡದಲ್ಲಿ ಒಂದೇ ಎತ್ತರಕ್ಕೆ ಕಪ್ಪು ಪಟ್ಟಿ. ಇರುವೆ ಹತ್ತಬಾರದು ಅಂತ ಪ್ರತಿ ಕಾಲನ್ನೂ ನೀರಿನ ಬಟ್ಟಲಲ್ಲಿ ನಿಲ್ಲಿಸ್ತಿದ್ರಲ್ಲ, ಆ ನೀರಿನ ಗುರುತು ಅದು. ಅದರ ಮೇಲೆ ಉದ್ದಕ್ಕೂ ಸಣ್ಣ ಸಣ್ಣ ತೂತು, ದೊಡ್ಡ ಮಗ ಅದನ್ನ ಹುಳ ತಿಂದಿದೆ ಅಂದ್ಕೊಂಡಿದ್ರು. ಅಲ್ಲ, ಮೊಳೆ ತೂತು. 1980ರಲ್ಲಿ ಊಜಿ ನೊಣ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂತು, ಹುಳದ ಮೈ ಮೇಲೆ ಮೊಟ್ಟೆ ಇಟ್ಟು ಬೆಳೆನೇ ಹಾಳು ಮಾಡೋ ನೊಣ ಅದು, ಆಮೇಲೆ ರೈತರು ಕಿಟಕಿಗೆ ಸ್ಟ್ಯಾಂಡಿಗೆ ಎಲ್ಲ ನೈಲಾನ್ ಬಲೆ ಹೊಡೀಬೇಕಾಯ್ತು. ಅಜ್ಜಿ ಗಂಡ ಹೊಡೆದ ಮೊಳೆಗಳು ಅವು. ನಾಲ್ಕನೇ ಜ್ವರ, ಅಂದ್ರೆ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಹುಳಕ್ಕೆ ರಾತ್ರಿನೂ ಸೊಪ್ಪು ಹಾಕ್ತಾ ಇದ್ದಿದ್ದು, ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹೋದ ದಿನ ಮಕ್ಕಳಿಗೆ ಫೀಸು ಕಟ್ಟಿದ್ದು, ಎಲ್ಲ ಆ ಸ್ಟ್ಯಾಂಡಿನ ಪಕ್ಕ ನಿಂತೇ ಹೇಳಿದ್ರು. ಮಕ್ಕಳಿಬ್ಬರೂ ಸುಮ್ನೆ ಕೇಳ್ತಾ ನಿಂತಿದ್ರು.

ಆ ಫೀಸಿನ ಮಾತು ಕೇಳಿದ ಮೇಲೆ ಇದು ಪುಸ್ತಕದ ಶೆಲ್ಫೇ ಆಗ್ಬೇಕು ಅಂತ ನನಗೆ ಅನ್ನಿಸ್ತು. ಆದ್ರೆ ದೊಡ್ಡ ತಟ್ಟೆ ಇಡೋ ಆ ಸ್ಟ್ಯಾಂಡಿನ ಆಳ ನಾಲ್ಕು ಅಡಿಗಿಂತ ಜಾಸ್ತಿ ಇತ್ತು, ಅಷ್ಟು ಆಳದ ಶೆಲ್ಫ್ ಯಾವ ರೂಮಿಗೂ ಹಿಡಿಸಲ್ಲ. ಹಾಗಾಗಿ ಎರಡು ಮಾಡಿದ್ವಿ, ಮುಂದಿನ ಎರಡು ಕಾಲು ಅಣ್ಣನ ಶೆಲ್ಫಿಗೆ, ಹಿಂದಿನ ಎರಡು ತಮ್ಮನದಕ್ಕೆ, ಎರಡಕ್ಕೂ ಹಿಂದೆ ಹೊಸ ಕಾಲು ಕೊಟ್ಟು ಆಳ 14 ಇಂಚಿಗೆ ಇಳಿಸಿದ್ವಿ. ತಟ್ಟೆ ತಟ್ಟೆಗೆ ಮಧ್ಯೆ ಇದ್ದ ಗೇಣು ಅಂತರ ಹಾಗೇ ಉಳಿಸಿಕೊಂಡ್ವಿ, ಮಾಮೂಲಿ ಪುಸ್ತಕ ನಿಲ್ಲತ್ತೆ, ದೊಡ್ಡವು ಬಂದ್ರೆ ಮಲಗಿಸಬೇಕು, ಕೆಳಗಡೆ ಮಾತ್ರ ಒಂದು ಹಲಗೆ ತೆಗೆದು ಫೈಲಿಗೆ ಜಾಗ ಮಾಡಿದ್ವಿ.

ಇದೇ ಕೆಲಸ ಮಾಡೋರಿಗೆ ಒಂದಿಷ್ಟು ಮಾತು, ಹುಳದ ಮನೆ ಸಾಮಾನಿಗೆ ರೋಗ ಬರದ ಹಾಗೆ ಫಾರ್ಮಲಿನ್, ಬ್ಲೀಚಿಂಗ್ ಪೌಡರ್ ಎಲ್ಲ ಹೊಡೆದಿರ್ತಾರೆ, ಚೆನ್ನಾಗಿ ತೊಳೆದು ಒಣಗಿಸದೆ ಸ್ಯಾಂಡಿಂಗ್ ಮಾಡ್ಬೇಡಿ, ಮಾಸ್ಕ್ ಅಂತೂ ಹಾಕ್ಕೊಳ್ಳಿ. ಮೊಳೆ ತುಂಡು ಒಳಗೇ ಮುರಿದಿರತ್ತೆ, ಮ್ಯಾಗ್ನೆಟ್ ಆಡಿಸಿ ನೋಡದೆ ಮರ ಹೆರೆಯೋ ಪ್ಲೇನರ್ ಮಷೀನಿಗೆ ಕೊಟ್ರೆ ಬ್ಲೇಡ್ ಹೋಗತ್ತೆ. ಕಾಲಿನ ಬುಡ ನೀರಲ್ಲಿ ನಿಂತು ಮೆತ್ತಗಾಗಿತ್ತು, ನಮ್ಮ ಆಚಾರ್ರು ಕತ್ತರಿಸೋಣ ಅಂದ್ರು, ಮಾಮೂಲಿ ಕೆಲಸ ಆಗಿದ್ರೆ ಅದೇ ಸರಿ. ಇಲ್ಲಿ ಆ ಕಪ್ಪು ಪಟ್ಟಿನೇ ಮುಖ್ಯ ಆಗಿದ್ದರಿಂದ ಕೆಳಗಿಂದ ತೂತು ಕೊರೆದು, ಗಟ್ಟಿ ಮರದ ಗೂಟಕ್ಕೆ ಎಪಾಕ್ಸಿ ಅಂಟು ಹಚ್ಚಿ ಕೂರಿಸಿದ್ವಿ, ಈಗ ಭಾರ ಗೂಟದ ಮೇಲೆ, ಗುರುತು ಹೊರಗಡೆ ಹಾಗೇ ಇದೆ. ಮೊಳೆ ತೂತಿಗೆ ಪುಟ್ಟಿ ಹಾಕಲಿಲ್ಲ. ಹೊಸ ಕಾಲು ಹಲಸಿಂದು, ಅದಕ್ಕೆ ಬಣ್ಣ ಕೊಟ್ಟು ಹಳೇದರ ಥರ ಕಾಣಿಸಿ ಅಂತ ತಮ್ಮ ಕೇಳಿದ್ರು, ನಾನು ಬೇಡ ಅಂದೆ. ಹೊಸದು ಹೊಸದಾಗೇ ಕಾಣಲಿ, ಹಲಸು ಮೊದಲು ಹಳದಿ ಇದ್ರೂ ಬೆಳಕಿಗೆ ತಾನೇ ಕಂದಾಗತ್ತೆ.

ಹಳೇದರ ಅಳತೆಯನ್ನ ಕಣ್ಣು ಮುಚ್ಚಿ ಇಳಿಸಿದ್ರೂ ಆಗಲ್ಲ. ಇನ್ನೊಂದು ಮನೆಯವರು ತಮ್ಮ ಜಗಲಿ ಥರನೇ ಬೆಂಚ್ ಕೇಳಿದ್ರು, ಜಗಲಿ 14 ಇಂಚು ಎತ್ತರ, ಆದ್ರೆ ಅದರ ಮೇಲೆ ಕೂರೋ ತಂದೆಗೆ ಈಗ ಮಂಡಿ ನೋವು. ಎತ್ತರ 18ಕ್ಕೆ ಏರಿಸಿ, ಚಕ್ಲಮಕ್ಲ ಹಾಕಿ ಕೂರೋ ಅಗಲ ಮಾತ್ರ ಜಗಲಿದೇ ಇಟ್ವಿ. ಅವರು ಬಂದು ಕೂತು ನೋಡಿದ ಮೇಲೇ ಪಾಲಿಶ್ ಮಾಡಿದ್ದು.

ದರದ ವಿಷಯ ಮೊದಲೇ ಮಾತಾಡಿಕೊಳ್ಳಿ. ಮರ ಮನೇದೇ ಅಲ್ವಾ, ಕಮ್ಮಿ ಆಗತ್ತೆ ಅಂದ್ಕೊಂಡಿರ್ತಾರೆ, ಆದ್ರೆ ಮೊಳೆ ಕೀಳೋದು, ಸೀಳೋದು, ಸೀಳಿದ ಮೇಲೆ ಹಲಗೆಗಳ ಮಧ್ಯೆ ಪಟ್ಟಿ ಇಟ್ಟು ಕೆಲವು ವಾರ ಒಣಗೋಕೆ ಬಿಡೋದು, ಇದಕ್ಕೆಲ್ಲ ಕೂಲಿ ಜಾಸ್ತಿನೇ ಆಗತ್ತೆ. ಇನ್ನೊಂದು ಮುಖ್ಯ ವಿಷಯ, ನಿಮ್ಮ ಕಸ್ಟಮರ್ ಹಳೇ ಮನೆ ಕೆಡವ್ತಾ ಇದ್ರೆ ಕಾಂಟ್ರಾಕ್ಟರ್ ಹತ್ರ ಮಾತು ಮುಗಿಸೋಕೆ ಮುಂಚೆನೇ ಹೋಗಿ ನೋಡಿ, ಕೆಡವೋ ಕೂಲಿಗೆ ಮರ ವಜಾ ಮಾಡ್ಕೊಳ್ಳೋ ಪದ್ಧತಿ ಎಷ್ಟೋ ಕಡೆ ಇದೆ, ಒಂದ್ಸಲ ಲಾರಿ ಹತ್ತಿದ ಮೇಲೆ ಯಾರ ಮನೆ ತೊಲೆ ಯಾವುದು ಅಂತ ಹುಡುಕೋಕಾಗಲ್ಲ. ಉಳಿಸಿಕೊಂಡಿದ್ದಕ್ಕೆ ಎಲ್ಲಿಂದ ಬಿಚ್ಚಿದ್ದು ಅಂತ ಚಾಕ್‌ಪೀಸಲ್ಲಿ ಬರೆದು ಫೋಟೋ ತೆಗೀರಿ, ನೆಲಕ್ಕೆ ತಾಗಿಸದೆ ಇಟ್ಟಿಗೆ ಮೇಲೆ ಜೋಡಿಸಿ, ಇಲ್ಲಾಂದ್ರೆ ಮಳೆಗಾಲಕ್ಕೆ ಗೆದ್ದಲು ಹಿಡಿಯತ್ತೆ.