ಅಲಾಯ್ ವೀಲ್‌ಗೆ ಹಿಡಿದ ಉಪ್ಪು

ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದಿಲ್ಲ ಎಂದು ನಂಬಿದವರು ನಮ್ಮ ಕರಾವಳಿಯಲ್ಲಿ ಅಲಾಯ್ ವೀಲಿನ, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರದ ಕಾರಿಟ್ಟುಕೊಂಡು ಒಂದು ಮಳೆಗಾಲ ಕಳೆಯಬೇಕು. ಕಬ್ಬಿಣದ ಹಾಗೆ ಕೆಂಪಗಾಗುವುದಿಲ್ಲ, ಅಷ್ಟು ನಿಜ. ಆದರೆ ಮೇಲಿನ ಹೊಳೆಯುವ ಲ್ಯಾಕರ್, ಅಂದರೆ ವಾರ್ನಿಷಿನಂಥ ಪದರ, ಹಾಗೇ ಇರುವಾಗ ಅದರಡಿಯಲ್ಲಿ ಸಪೂರದ ಬಿಳಿ ಗೆರೆಗಳು ಹುಟ್ಟಿಕೊಳ್ಳುತ್ತವೆ. ತೊಗಟೆಯಡಿ ಹುಳ ಕೊರೆದ ದಾರಿಯ ಹಾಗೆ ಅಂಕುಡೊಂಕಾಗಿ ಹರಿಯುತ್ತವೆ. ಬೆರಳಾಡಿಸಿದರೆ ಸ್ವಲ್ಪ ಉಬ್ಬು ಸಿಗುತ್ತದೆ, ಉಜ್ಜಿದರೆ ಏನೂ ಹೋಗುವುದಿಲ್ಲ. ಕೊಳೆ ಇರುವುದು ಗಾಜಿನ ಆಚೆ ಬದಿಯಲ್ಲಿ.

ನನ್ನ ಅಕ್ಕನ ಮಗನ ಕಾರಿನಲ್ಲಿ ಆದದ್ದು ಇದೇ. ಅವನ ಮನೆ ಕೋಟೇಶ್ವರ, ಕೆಲಸ ಬೈಂದೂರಿನಲ್ಲಿ. ದಿನಾ ಮರವಂತೆ ದಾಟಿಯೇ ಹೋಗಬೇಕು. ಆ ಜಾಗ ನೋಡಿದವರಿಗೆ ಹೇಳಬೇಕಾಗಿಲ್ಲ: ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕೆ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಆಷಾಢದ ಗಾಳಿಗೆ ಅಲೆಯ ತುಂತುರು ನೇರ ವಿಂಡ್‌ಶೀಲ್ಡಿಗೆ ಬಂದು ಕೂರುತ್ತದೆ. ಅದು ಸಾಲದು ಎಂಬಂತೆ ಗಂಗೊಳ್ಳಿ, ಮಲ್ಪೆ ಬಂದರುಗಳಿಂದ ಹೊರಟ ಮೀನಿನ ಲಾರಿಗಳು ಐಸ್ ಕರಗಿದ ನೀರನ್ನು ದಾರಿಯುದ್ದಕ್ಕೂ ಸುರಿಸಿಕೊಂಡು ಹೋಗುತ್ತವೆ. ಎಲ್ಲರೂ ಅದರ ವಾಸನೆಗೆ ಮೂಗು ಮುಚ್ಚುತ್ತಾರೆ, ಅದರಲ್ಲಿರುವ ಉಪ್ಪಿನ ಬಗ್ಗೆ ಯೋಚಿಸುವವರು ಕಡಿಮೆ.

ಕಾರು ಸೆಕೆಂಡ್ ಹ್ಯಾಂಡ್. ವೀಲುಗಳು ಡೈಮಂಡ್ ಕಟ್, ಅಂದರೆ ಇಡೀ ಚಕ್ರಕ್ಕೆ ಕಪ್ಪು ಬಣ್ಣ ಹೊಡೆದು, ಆಮೇಲೆ ಮುಖವನ್ನು ಮಾತ್ರ ಲೇತಿಗೆ ಹಾಕಿ ತೆಳ್ಳಗೆ ಕೊರೆದು, ಬರಿಯ ಲೋಹ ಮಿಂಚುವ ಹಾಗೆ ಮಾಡಿ, ಮೇಲೊಂದು ಪಾರದರ್ಶಕ ಲ್ಯಾಕರ್ ಕೊಟ್ಟದ್ದು. ಷೋರೂಮಿನ ಬೆಳಕಿನಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಕೊರೆದ ಜಾಗಕ್ಕೂ ಬಣ್ಣದ ಜಾಗಕ್ಕೂ ನಡುವೆ ಚೂಪಾದ ಅಂಚೊಂದು ಉಳಿಯುತ್ತದೆ. ದ್ರವ ಯಾವುದಾದರೂ ಚೂಪು ಅಂಚಿನಿಂದ ಹಿಂದೆ ಸರಿಯುತ್ತದೆ. ಹಾಗಾಗಿ ಲ್ಯಾಕರ್ ಅತಿ ತೆಳ್ಳಗಿರುವುದು ಅಲ್ಲಿಯೇ. ಕಣ್ಣಿಗೆ ಅತಿ ಚಂದ ಕಾಣುವ ಗೆರೆ ಯಾವುದೋ, ಉಪ್ಪಿಗೆ ಬಾಗಿಲು ತೆರೆಯುವುದೂ ಅದೇ.

ಮೊದಲು ಅವನು ಗೆರೆಗಳನ್ನು ಗಮನಿಸಲೇ ಇಲ್ಲ. ಗಮನಕ್ಕೆ ಬಂದದ್ದು ಗಾಳಿ. ಹಿಂದಿನ ಎಡ ಟೈರಿಗೆ ವಾರ ವಾರ ಗಾಳಿ ಹಿಡಿಸಬೇಕಾಗುತ್ತಿತ್ತು. ಪಂಕ್ಚರ್ ಅಂಗಡಿಯವನು ಚಕ್ರವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿದಾಗ ಗುಳ್ಳೆ ಬಂದದ್ದು ಟೈರಿನಿಂದಲ್ಲ, ಟೈರು ಮತ್ತು ರಿಮ್ ಕೂಡುವಲ್ಲಿಂದ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿದರೆ, ವಾತಾವರಣದಿಂದ ಆದದ್ದಕ್ಕೆ ವಾರಂಟಿ ಇಲ್ಲ, ಹೊಸ ವೀಲ್ ಹಾಕಿಸಿಕೊಳ್ಳಿ ಎಂದರಂತೆ. ವಾತಾವರಣ ಬಿಟ್ಟು ಕಾರು ಓಡುವುದು ಎಲ್ಲಿ ಎಂದು ಅವನು ಕೇಳಿಬಂದ. ಉತ್ತರ ಸಿಗಲಿಲ್ಲ.

ಅಕ್ಕನ ಸಲಹೆ ಬೇರೆಯೇ ಇತ್ತು. "ಹುಣ್ಸಿ ಹುಳಿ ಹಾಕಿ ತಿಕ್ಕಿ ಕಾಣ್ ಮಗಾ, ದೀಪದ ಕಂಬ ಎಷ್ಟ್ ಲಾಯ್ಕ್ ಆತ್ತ್!" ನಾನು ಬೇಡವೇ ಬೇಡ ಎಂದೆ. ಜೀವಮಾನವಿಡೀ ಪಿಯು ಹುಡುಗರಿಗೆ ರಸಾಯನಶಾಸ್ತ್ರ ಹೇಳಿಕೊಟ್ಟವನು ನಾನು. ಅಲ್ಯೂಮಿನಿಯಂ ಆಮ್ಲದಲ್ಲೂ ಕರಗುತ್ತದೆ, ಕ್ಷಾರದಲ್ಲೂ ಕರಗುತ್ತದೆ. ಕಾಸ್ಟಿಕ್ ಸೋಡಾದ ಪರೀಕ್ಷಾ ನಳಿಕೆಗೆ ಫಾಯಿಲ್ ಚೂರು ಹಾಕಿ, ಬುಸುಗುಟ್ಟಿ ಬರುವ ಹೈಡ್ರೋಜನ್‌ಗೆ ಕಡ್ಡಿ ಗೀರಿ 'ಪಟ್' ಅನಿಸುವುದು ಹಿಂದಿನ ಬೆಂಚಿನವರೂ ಎದ್ದು ನೋಡುತ್ತಿದ್ದ ಪ್ರಯೋಗ. ಈ ಲೋಹವನ್ನು ಕಾಯುವುದು ಅದರ ಮೈಮೇಲೆ ತಾನಾಗಿ ಕಟ್ಟುವ ಆಕ್ಸೈಡ್ ಪೊರೆ, ಕೆಲವೇ ನ್ಯಾನೋಮೀಟರ್ ದಪ್ಪದ್ದು. ಆಮ್ಲ-ಕ್ಷಾರದ ಅಳತೆಯಾದ ಪಿಎಚ್ ಸುಮಾರು 4ರಿಂದ 8.5ರ ಒಳಗಿದ್ದರೆ ಅದು ಗಟ್ಟಿ. ಈಚೆಗೆ ಅಥವಾ ಆಚೆಗೆ ಹೋದರೆ ಕರಗುತ್ತದೆ. ವಾಟರ್ ಸರ್ವಿಸಿನವರು ಬ್ರೇಕಿನ ಕಪ್ಪು ಧೂಳು ಒಂದೇ ಏಟಿಗೆ ಹೋಗಲೆಂದು ಸ್ಪ್ರೇ ಮಾಡುವ ದ್ರಾವಣ ಎಷ್ಟೋ ಸಲ ಆಮ್ಲವೇ ಆಗಿರುತ್ತದೆ. ಲ್ಯಾಕರ್ ಇಡಿಯಾಗಿದ್ದರೆ ಹೇಗೋ ತಡೆದೀತು, ಗೀರು ಬಿದ್ದಲ್ಲಿ ಅದು ನೇರ ಲೋಹಕ್ಕೇ ಇಳಿಯುತ್ತದೆ.

ಮಳೆ ಬಿಟ್ಟಮೇಲೆ ಒಂದು ಬೆಳಿಗ್ಗೆ ಇಬ್ಬರೂ ಮಂಗಳೂರಿಗೆ ಹೊರಟೆವು. ಊರ ಹೊರಗೆ ಅಲಾಯ್ ವೀಲ್ ರಿಪೇರಿ ಮಾಡುವ ಒಂದು ತಗಡಿನ ಶೆಡ್ಡು. ಮೇಸ್ತ್ರಿ ನನ್ನ ಪ್ರಾಯದವರೇ, ಮಾತು ಕಮ್ಮಿ. ಅಳಿಯ ಕಾರಿಂದ ಇಳಿಯುವ ಮೊದಲೇ ಹೇಳಿಬಿಟ್ಟ, ಮೇಲಿಂದ ಬಫ್ ಮಾಡಿ ಒಂದು ಕೋಟ್ ಲ್ಯಾಕರ್ ಹೊಡೆದು ಕೊಡಿ, ಸಂಜೆಗೆ ಒಯ್ಯುತ್ತೇವೆ ಅಂತ.

ಮೇಸ್ತ್ರಿ ಉತ್ತರ ಕೊಡದೆ ಜೇಬಿನಿಂದ ಬ್ಲೇಡ್ ತೆಗೆದು ಒಂದು ಬಿಳಿ ಗೆರೆಯ ತುದಿಗೆ ಮೆಲ್ಲ ಒತ್ತಿದರು. ಉಗುರಿನಗಲದ ಲ್ಯಾಕರ್ ಚಕ್ಕೆ ಎದ್ದು ಬಂತು. ಕೆಳಗೆ ಬಿಳಿ ಹುಡಿ. ಮತ್ತೂ ಒತ್ತಿದರು, ಗೆರೆಯೇ ಇಲ್ಲದ, ಹೊಳೆಯುತ್ತಿದ್ದ ಜಾಗವೂ ಸಡಿಲವಾಗಿತ್ತು.

"ಕಾಣುದು ಇಷ್ಟು, ಒಳಗೆ ಇಷ್ಟು ಉಂಟು," ಎಂದು ಬೆರಳುಗಳನ್ನು ಅಗಲಿಸಿ ತೋರಿಸಿದರು. "ಇದ್ರ ಮೇಲೆ ಲ್ಯಾಕರ್ ಹೊಡಿಲಿಕ್ಕೆ ನನಗೇನು ಕಷ್ಟ ಇಲ್ಲ ಮಾರಾಯ್ರೆ. ಆದ್ರೆ ಮುಂದಿನ ವರ್ಷ ನೀವು ನನ್ನನ್ನೇ ಬೈಯುದು."

ಈ ಗೆರೆಗಳ ವ್ಯವಹಾರ ವಿಚಿತ್ರವಾದದ್ದು. 1944ರಲ್ಲಿ ಶರ್ಮನ್ ಎಂಬವರು 'ನೇಚರ್' ಪತ್ರಿಕೆಯಲ್ಲಿ ಲ್ಯಾಕರ್ ಬಳಿದ ಉಕ್ಕಿನ ಮೇಲೆ ಇಂಥದ್ದನ್ನು ಕಂಡು ಬರೆದಿದ್ದರು. ಫಿಲಿಫಾರ್ಮ್, ಅಂದರೆ ನೂಲಿನಾಕಾರದ ಕೊರೆತ. ಪ್ರತಿ ಗೆರೆಗೂ ಒಂದು ತಲೆ, ಒಂದು ಬಾಲ. ತಲೆಯಲ್ಲಿ ಉಪ್ಪು ಬೆರೆತ ಆಮ್ಲೀಯ ಹನಿ, ಆಮ್ಲಜನಕ ಕಡಿಮೆ. ಲೋಹ ಕರಗುವುದು ಅಲ್ಲಿ. ಬಾಲದಲ್ಲಿ ಒಣಗಿದ ಹುಡಿ, ಅದರ ಸಂದಿನಲ್ಲಿ ಗಾಳಿಯೂ ತೇವವೂ ತಲೆಯತ್ತ ಸಾಗುತ್ತವೆ. ಹೀಗೆ ಬೆನ್ನ ಹಿಂದಿನ ಉಸಿರಿನಲ್ಲಿ ಅದು ಮುಂದೆ ಮುಂದೆ ತೆವಳುತ್ತದೆ. ಸಾಮಾನ್ಯವಾಗಿ ಒಂದು ಗೆರೆ ಇನ್ನೊಂದನ್ನು ದಾಟುವುದಿಲ್ಲ, ಹತ್ತಿರ ಬಂದರೆ ತಿರುಗಿಕೊಳ್ಳುತ್ತದೆ. ಆಳಕ್ಕೆ ಇಳಿಯುವುದು ಅಲ್ಪ, ಹರಡುವುದೇ ಹೆಚ್ಚು. ಅಲ್ಯೂಮಿನಿಯಂ ಮೇಲೆ ಇದಕ್ಕೆ ಬೇಕಾದ್ದು ಉಪ್ಪಿನ ಕ್ಲೋರೈಡ್ ಮತ್ತು ಶೇ. 75ರಿಂದ 95ರಷ್ಟು ತೇವವಿರುವ ಬೆಚ್ಚನೆಯ ಗಾಳಿ. ಕುಂದಾಪುರದ ಹವಾಮಾನವನ್ನೇ ಎದುರಿಗಿಟ್ಟು ಬರೆದ ಹಾಗಿದೆ.

ಉಪ್ಪಿನ ಇನ್ನೊಂದು ಗುಣವನ್ನು ಮಳೆಗಾಲದ ಅಡುಗೆಮನೆಯಲ್ಲಿ ಎಲ್ಲರೂ ನೋಡಿರುತ್ತೇವೆ. ಭರಣಿಯ ಕಲ್ಲುಪ್ಪು ತಾನಾಗಿ ನೀರು ಬಿಡುತ್ತದೆ. ಗಾಳಿಯ ತೇವ ಶೇ. 75 ದಾಟಿದರೆ ಶುದ್ಧ ಸೋಡಿಯಂ ಕ್ಲೋರೈಡೇ ನೀರಾಗುತ್ತದೆ. ಕಡಲಿನ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡೂ ಇರುತ್ತದೆ, ಅದಕ್ಕೆ ಶೇ. 33 ಸಾಕು. ಹಾಗಾಗಿ ಕಾರನ್ನು ಶೆಡ್ಡಿನೊಳಗೆ ನಿಲ್ಲಿಸಿದೆ, ಮಳೆ ತಾಗಲಿಲ್ಲ ಎಂದು ಸಮಾಧಾನಪಟ್ಟುಕೊಂಡು ಪ್ರಯೋಜನವಿಲ್ಲ. ಹೊರಗೆ ನಿಂತ ಕಾರಿನ ಉಪ್ಪನ್ನು ಮಳೆಯಾದರೂ ತೊಳೆಯುತ್ತದೆ.

ಚಕ್ರ ಬಿಚ್ಚುವುದೇ ಒಂದು ಸಾಹಸವಾಯಿತು. ನಟ್ಟುಗಳೆಲ್ಲ ಕೈಗೆ ಬಂದವು, ಚಕ್ರ ಮಾತ್ರ ಅಲುಗಲಿಲ್ಲ. ಚಕ್ರ ಕೂರುವ ಉಕ್ಕಿನ ಹಬ್ಬಿಗೆ ಅಲ್ಯೂಮಿನಿಯಂ ಕಚ್ಚಿಕೊಂಡಿತ್ತು. ಎರಡು ಬೇರೆ ಲೋಹ, ನಡುವೆ ಉಪ್ಪುನೀರು. ಬ್ಯಾಟರಿಗೆ ಇನ್ನೇನು ಬೇಕು? ಅದರಲ್ಲಿ ಸವೆಯುವ ಪಾಲು ಅಲ್ಯೂಮಿನಿಯಂನದು. ಹುಡುಗನೊಬ್ಬ ಒಳಬದಿಯಿಂದ ಟೈರಿಗೆ ರಬ್ಬರ್ ಸುತ್ತಿಗೆಯಲ್ಲಿ ಸುತ್ತಲೂ ಬಡಿದು ಬಡಿದು ಕೊನೆಗೆ ಬಿಡಿಸಿದ. ರಾತ್ರಿ ಹೊತ್ತು ಹೆದ್ದಾರಿಯಲ್ಲಿ ಪಂಕ್ಚರ್ ಆಗಿ ಸ್ಟೆಪ್ನಿ ಹಾಕಬೇಕಾಗಿ ಬಂದಿದ್ದರೆ ಅಳಿಯನ ಗತಿ ಏನಾಗುತ್ತಿತ್ತೋ.

ಟೈರು ಕಳಚಿದಾಗ ಗಾಳಿ ಹೋಗುತ್ತಿದ್ದ ಗುಟ್ಟೂ ಬಯಲಾಯಿತು. ಟೈರಿನ ಅಂಚು ಕೂರುವ ರಿಮ್ಮಿನ ಸುತ್ತು ಬಿಳಿ ಹುಣ್ಣು ಎದ್ದು ಒರಟಾಗಿತ್ತು. ಮೇಸ್ತ್ರಿ ಚಕ್ರವನ್ನು ತಿರುಗಿಸುತ್ತ ಗೆರೆಗಳು ಹುಟ್ಟಿದ ಜಾಗಗಳನ್ನು ನನಗೆ ತೋರಿಸಿದರು. ಫುಟ್‌ಪಾತಿನ ಕಲ್ಲಿಗೆ ಉಜ್ಜಿದಲ್ಲಿ ಒಂದು ಗುಂಪು. ಟೈರ್ ಬಿಚ್ಚುವ ಮೆಷಿನ್ನಿನ ದವಡೆ ಕಚ್ಚಿದಲ್ಲಿ ಇನ್ನೊಂದು. ಬ್ಯಾಲೆನ್ಸಿಂಗಿಗೆಂದು ಅಂಚಿಗೆ ಕ್ಲಿಪ್ ಹಾಕಿ ಬಡಿದ ವೇಯ್ಟ್ ಇದ್ದಲ್ಲಿ ಎಲ್ಲಕ್ಕಿಂತ ದೊಡ್ಡದು. ಬಡಿಯುವಾಗಲೇ ಲ್ಯಾಕರ್ ಒಡೆದಿರುತ್ತದೆ, ಆಮೇಲೆ ಕ್ಲಿಪ್ಪಿನ ಸಂದಿನಲ್ಲಿ ತೇವ ಕೂತೇ ಇರುತ್ತದೆ. "ಒಳಬದಿಗೆ ಅಂಟಿಸುವ ವೇಯ್ಟ್ ಬರ್ತದೆ ಸರ್. ಅದನ್ನೇ ಹಾಕಿ ಅಂತ ಹಟ ಮಾಡ್ಬೇಕು. ಇಲ್ಲದಿದ್ರೆ ಕೈಗೆ ಸಿಕ್ಕಿದ್ದನ್ನು ಬಡಿತಾರೆ." ಆ ದಿನ ಕೇಳಿದ ಮಾತುಗಳಲ್ಲಿ ಎಲ್ಲರಿಗೂ ಹೇಳಬೇಕು ಅನಿಸಿದ್ದು ಇದು. ಖರ್ಚೇನೂ ಇಲ್ಲ, ಬಾಯಿ ಬಿಟ್ಟು ಕೇಳಿದರೆ ಸಾಕು.

ಅಳಿಯನಿಗೆ ಹಳೆಯ ಮಿಂಚೇ ಬೇಕಿತ್ತು. ಮೇಸ್ತ್ರಿ ಬೇಡ ಅನ್ನಲಿಲ್ಲ, ಲೆಕ್ಕ ಮಾತ್ರ ಹೇಳಿದರು. ಡೈಮಂಡ್ ಕಟ್ ಮತ್ತೆ ಬರಬೇಕಾದರೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತಿನಲ್ಲಿ ಮುಖದಿಂದ ಇನ್ನೊಂದು ಪದರ ಲೋಹ ಕೊರೆಯಬೇಕು. ಲೋಹ ಮತ್ತೆ ಬೆಳೆಯುವುದಿಲ್ಲವಲ್ಲ, ಎರಡು ಮೂರು ಸಲಕ್ಕೆ ಮುಗಿಯಿತು. ಹಲವು ಕಾರು ಕಂಪನಿಗಳು ಲೋಹ ತೆಗೆಯುವ ರಿಪೇರಿಯನ್ನೇ ಒಪ್ಪುವುದಿಲ್ಲ. ಕೊರೆದ ಮೇಲೆ ಮತ್ತದೇ ಚೂಪು ಅಂಚು, ಅದೇ ಪಾರದರ್ಶಕ ಲ್ಯಾಕರ್, ಅದೇ ಮರವಂತೆ. ಇಡೀ ಚಕ್ರಕ್ಕೆ ಪ್ರೈಮರ್, ಬಣ್ಣ, ಲ್ಯಾಕರ್ ಮೂರೂ ಕೊಟ್ಟರೆ ಅಂಚೂ ಉಳಿಯುವುದಿಲ್ಲ, ಲೋಹಕ್ಕೂ ಲ್ಯಾಕರಿಗೂ ನಡುವೆ ಬಿಗಿಯಾಗಿ ಹಿಡಿಯುವ ಪದರ ಇರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಕಡಲಿಂದ ಕೂಗಳತೆಯಲ್ಲಿ ಇರುವವರಿಗೆ ಡೈಮಂಡ್ ಕಟ್ ಮಾರುವುದೇ ಅನ್ಯಾಯ. ಅಳಿಯ ಮುಖ ಸಣ್ಣದು ಮಾಡಿಕೊಂಡು ಬೂದು ಬಣ್ಣಕ್ಕೆ ಒಪ್ಪಿದ.

ಕೆಲಸ ಆ ದಿನವೇ ಶುರುವಾದದ್ದರಿಂದ ಅರ್ಧ ದಿನ ಕೂತು ನೋಡಿದೆ. ಸ್ಟ್ರಿಪ್ಪರ್ ಬಳಿದು ಹಳೆಯ ಬಣ್ಣ ಎಬ್ಬಿಸಿ ತೊಳೆದರು, ಆಮೇಲೆ ಬ್ಲಾಸ್ಟಿಂಗ್. ಅಲಾಯ್ ವೀಲಿಗೆ ಬೇರೆಯೇ ಮರಳು, ಬೇರೆಯೇ ಪೆಟ್ಟಿಗೆ. ಕಬ್ಬಿಣದ ಗೇಟು ಗ್ರಿಲ್ಲಿಗೆ ಬಳಸಿದ ಮರಳನ್ನೇ ಇದಕ್ಕೂ ಹೊಡೆದರೆ ಕಬ್ಬಿಣದ ಕಣಗಳು ಅಲ್ಯೂಮಿನಿಯಂನಲ್ಲಿ ನಾಟಿಕೊಂಡು, ಬಣ್ಣ ಹೊಡೆಯುವ ಮೊದಲೇ ಮುಂದಿನ ಕೊರೆತಕ್ಕೆ ಬೀಜ ಬಿತ್ತಿದಂತೆ. ಬ್ಲಾಸ್ಟ್ ಆದ ಚಕ್ರವನ್ನು ಬರಿಗೈಯಲ್ಲಿ ಮುಟ್ಟಲು ಯಾರನ್ನೂ ಬಿಡಲಿಲ್ಲ. ನನಗೂ ಒಮ್ಮೆ "ಸರ್, ಕೈ!" ಎಂಬ ಗದರಿಕೆ ಬಿತ್ತು. ಬೆವರಿನಲ್ಲೂ ಉಪ್ಪೇ ಅಲ್ಲವೇ. ಆಮೇಲೆ ರಾಸಾಯನಿಕ ತೊಳೆತ, ಮೇಲೆ ಬಣ್ಣ ಬಿಗಿಯಾಗಿ ಹಿಡಿಯಲೆಂದು ಕನ್ವರ್ಷನ್ ಕೋಟಿಂಗ್ ಎಂಬ ತೆಳು ರಾಸಾಯನಿಕ ಪದರ, ಅದಾದ ಮೇಲೆ ಹುಡಿಯಾಗಿ ಹೊಡೆದು ಓವನ್ನಿನಲ್ಲಿ ಬೇಯಿಸುವ ಪೌಡರ್ ಪ್ರೈಮರ್. ಓವನ್ನಿನ ಮೀಟರ್ 180 ಡಿಗ್ರಿ ತೋರಿಸುತ್ತಿತ್ತು. ಅದರ ಮುಂದಿನಿಂದ ಮೇಸ್ತ್ರಿ ಕದಲಲಿಲ್ಲ. ಈ ಎರಕದ ಮಿಶ್ರಲೋಹದಲ್ಲಿ ಸುಮಾರು ಶೇ. 7 ಸಿಲಿಕಾನ್, ಅದಕ್ಕೆ ಬಲ ಕೊಟ್ಟಿರುವುದೇ ಶಾಖದ ಉಪಚಾರ. ಲೆಕ್ಕ ತಪ್ಪಿ ಹೆಚ್ಚು ಹೊತ್ತು ಸುಟ್ಟರೆ ಬಲ ಇಳಿಯುತ್ತದೆ. ನಟ್ಟು ಕೂರುವ ಕುಳಿಗಳಿಗೆ ಮಾತ್ರ ಬಣ್ಣ ತಾಗದಂತೆ ಮುಚ್ಚಿದ್ದರು. ಅಲ್ಲಿ ದಪ್ಪ ಪದರ ಕಟ್ಟಿದರೆ ಅದು ದಿನ ಕಳೆದ ಹಾಗೆ ಅಮುಕಿ ನಟ್ಟು ಸಡಿಲಾಗುತ್ತದಂತೆ.

ಎಷ್ಟೇ ಹೊತ್ತಾದರೂ ಬ್ಲಾಸ್ಟ್ ಮಾಡಿದ್ದಕ್ಕೆ ಆ ದಿನವೇ ಪ್ರೈಮರ್ ಆಗಲೇಬೇಕು, ರಾತ್ರಿ ಬರಿಮೈಯಲ್ಲಿ ಬಿಡುವುದಿಲ್ಲ ಎಂದರು. ಹಾಗಾಗಿ ಒಂದು ದಿನಕ್ಕೆ ಎರಡೇ ಚಕ್ರ. ಕಾರನ್ನು ಸ್ಟ್ಯಾಂಡಿನ ಮೇಲೆ ಬಿಟ್ಟು ಬಸ್ಸು ಹತ್ತಿದೆವು.

ಮರುದಿನ ಫೋನ್. ಗಾಳಿ ಹೋಗುತ್ತಿದ್ದ ಆ ಹಿಂದಿನ ಚಕ್ರದ ಬಣ್ಣ ಕಿತ್ತಾಗ ಒಳಬದಿಯ ರಿಮ್ಮಿನಲ್ಲಿ ಕೂದಲೆಳೆಯ ಬಿರುಕು ಕಂಡಿದೆ. ಹೊಂಡಕ್ಕೆ ಬಿದ್ದದ್ದಿರಬೇಕು. ಅಳಿಯ ವೆಲ್ಡ್ ಮಾಡಿಬಿಡಿ ಎಂದ. ಆಗುವುದಿಲ್ಲ ಎಂದರು. ವೆಲ್ಡಿನ ಸುತ್ತಲಿನ ಲೋಹ ಮೆತ್ತಗಾಗುತ್ತದೆ, ಗಾಳಿ ನಿಲ್ಲಬಹುದು, ಚಕ್ರ ನಿಲ್ಲುತ್ತದೆ ಎಂದು ಹೇಳಲಾಗದು. ಅದೇ ಅಳತೆಯ ಹಳೆಯ ಚಕ್ರವೊಂದನ್ನು ಅವರೇ ಹುಡುಕಿ ಇಟ್ಟರು.

ತರಲು ಹೋದ ದಿನ ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ಮತ್ತೆ ಕಚ್ಚಿಕೊಳ್ಳದಂತೆ ತೆಳ್ಳಗೆ ಆ್ಯಂಟಿ ಸೀಜ್ ಗ್ರೀಸು ಸವರಿ ಚಕ್ರ ಕೂರಿಸಿದರು. ಬೋಲ್ಟಿನ ಎಳೆಗಳಿಗೆ ಸವರಲಿಲ್ಲ. ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿ, ನೂರು ಕಿಲೋಮೀಟರ್ ಒಳಗೆ ಇನ್ನೊಮ್ಮೆ ನೋಡಿಸಿ ಎಂದರು. ತೊಳೆಯಲಿಕ್ಕೆ ಮಾಮೂಲಿ ಕಾರ್ ಶಾಂಪೂ, ಬ್ರೇಕ್ ಬಿಸಿ ಇಳಿದ ಮೇಲೆ, ಒಳಬದಿಯೂ ಸೇರಿ. ಆಗಾಗ ವ್ಯಾಕ್ಸ್. ಗೀರು ಬಿದ್ದರೆ ಅದೇ ವಾರ ಟಚಪ್. ಅಳಿಯ ಬಾವಿ ನೀರು ಆಗುತ್ತದಾ ಎಂದು ಕೇಳಿದ. ಮೇಸ್ತ್ರಿ ನನ್ನ ಮುಖ ನೋಡಿದರು. ನಮ್ಮ ಕಡೆ ಹೊಳೆಬದಿಯ ಬಾವಿಗಳು ಮಾರ್ಚ್ ದಾಟಿದರೆ ಚಪ್ಪೆಯಿಂದ ಉಪ್ಪಿಗೆ ತಿರುಗುತ್ತವೆ. ಬೇಸಗೆಯಲ್ಲಿ ಪಂಚಾಯತ್ ನಳ್ಳಿ ನೀರೇ ಹಿಡಿ ಎಂದೆ.

ಬಿರುಕಿನ ಚಕ್ರವನ್ನು ಡಿಕ್ಕಿಗೆ ಹಾಕಲು ಅಳಿಯ ಎತ್ತಿಕೊಂಡಿದ್ದ, ಗುಜರಿಗೆ ಕೊಟ್ಟರೆ ಏನಾದರೂ ಬರುತ್ತದೆ ಅಂತ. "ಕೊಡಿ ಇಲ್ಲಿ. ಗುಜರಿಯಿಂದ ಇದು ವೆಲ್ಡಿಂಗಿಗೆ ಹೋಗ್ತದೆ, ವೆಲ್ಡಿಂಗಿಂದ ಇನ್ಯಾರದ್ದೋ ಕಾರಿಗೆ," ಎಂದು ಮೇಸ್ತ್ರಿ ಅದನ್ನು ನೆಲಕ್ಕೆ ಹಾಕಿ, ಗ್ರೈಂಡರ್ ಹಚ್ಚಿ, ರಿಮ್ಮನ್ನು ಎರಡು ಕಡೆ ಕತ್ತರಿಸಿದರು. ಆಮೇಲೆ ತೂಕದ ಲೆಕ್ಕದ ದುಡ್ಡನ್ನು ಬಿಲ್ಲಿನಲ್ಲೇ ಕಡಿಮೆ ಮಾಡಿ ಬರೆದುಕೊಟ್ಟರು.